ಒಲೆ ಆರಿಸಿದವರು

ಇಪ್ಪತ್ಮೂರು ದಿನದಿಂದ ಆ ಕಟ್ಟಡಕ್ಕೆ ಶಾಖ ಬಂದಿರಲಿಲ್ಲ. ಬ್ರಾಂಕ್ಸಿನ ಐದಂತಸ್ತಿನ ಇಟ್ಟಿಗೆ ಕಟ್ಟಡ. ಇಪ್ಪತ್ತು ಬಾಡಿಗೆ ಮನೆ. ಪ್ರತಿ ಮನೆಯ ಕಿಟಕಿಯ ಕೆಳಗೆ ಕಬ್ಬಿಣದ ಕೊಳವೆಗಳು. ನೆಲಮಾಳಿಗೆಯ ಬಾಯ್ಲರಿನಿಂದ ಆವಿ ಹತ್ತಿ ಬಂದು ಆ ಕೊಳವೆಗಳು ಸುಡಬೇಕು. ಈಗ ಕೈ ಇಟ್ಟರೆ ಹೆಣ ಮುಟ್ಟಿದ ಹಾಗಿತ್ತು.

ಹೊರಗೆ ಹತ್ತೊಂಬತ್ತು ಡಿಗ್ರಿ. ಅಲ್ಲಿಯವರ ಅಳತೆಯಲ್ಲಿ ಮೂವತ್ತೆರಡಕ್ಕೇ ನೀರು ಗಡ್ಡೆಯಾಗುತ್ತದೆ. ಮನೆಯೊಳಗೆ ಹಗಲು ಹೊತ್ತು ಅರವತ್ತೆಂಟು ಇರಲೇಬೇಕು, ಅದನ್ನು ಕೊಡಬೇಕಾದವನು ಮನೆಯೊಡೆಯ ಅಂತ ಕಾನೂನಿದೆ. ಕಾನೂನು ವರ ಕೊಟ್ಟಿತ್ತು. ಪೂಜಾರಿ ಕೊಟ್ಟಿರಲಿಲ್ಲ.

ಎರಡನೇ ಅಂತಸ್ತಿನಲ್ಲಿ ಫೆಲಿಪ ನೊರಾಲೆಸ್ ಇದ್ದಳು. ಐವತ್ನಾಲ್ಕು ವರ್ಷ. ಹೊಂಡುರಾಸಿನ ಕಡಲ ತೀರದ ಗರಿಫುನ ಹೆಂಗಸು. ಕಪ್ಪು ಜನ ಅವರು, ಮೀನು ತೆಂಗಿನಕಾಯಿ ತಿಂದು ಬೆಳೆದವರು. ಕಟ್ಟಡದಲ್ಲಿ ಮುಕ್ಕಾಲು ಪಾಲು ಅವರೇ. ಫೆಲಿಪಳ ಕೆಲಸ ನದಿಯಾಚೆಯ ಸಿರಿವಂತರ ಬೀದಿಯಲ್ಲಿ. ತೊಂಬತ್ತು ದಾಟಿದ ಮುದುಕಿಯೊಬ್ಬಳನ್ನು ಎತ್ತುವುದು, ಕೂರಿಸುವುದು, ತೊಳೆಯುವುದು, ಒರೆಸುವುದು, ಮತ್ತೆ ಎತ್ತುವುದು. ಸಂಜೆಯ ಹೊತ್ತಿಗೆ ಸೊಂಟ ಎರಡು ತುಂಡು. ಆ ಮನೆಯಲ್ಲಿ ಶಾಖ ಎಷ್ಟೆಂದರೆ ಫೆಲಿಪ ತೋಳಿಲ್ಲದ ಅಂಗಿ ಹಾಕಿ ದುಡಿಯುತ್ತಿದ್ದಳು. ಸೆಖೆ ತಡೆಯಲಾಗದೆ ಮುದುಕಿ ಜನವರಿಯಲ್ಲಿ ಕಿಟಕಿ ತೆರೆಸುತ್ತಿದ್ದಳು. ಕಿಟಕಿ ತೆರೆದು ಶಾಖವನ್ನು ಬೀದಿಗೆ ಬಿಡುವಾಗ ಫೆಲಿಪ ಹಲ್ಲು ಕಡಿಯುತ್ತಿದ್ದಳು.

ಮನೆಗೆ ಬಂದರೆ ಕೋಟು ಬಿಚ್ಚುವಂತಿಲ್ಲ. ಗ್ಯಾಸ್ ಒಲೆಯ ನಾಲ್ಕೂ ಉರಿ ಹಚ್ಚಿ, ಕೆಳಗಿನ ಓವನ್ನಿನ ಬಾಗಿಲು ತೆರೆದು, ಅದರ ಮುಂದೆ ಕುರ್ಚಿ ಹಾಕಿ ಕೂರಬೇಕು. ಇಪ್ಪತ್ತು ಮನೆಯಲ್ಲಿ ಹತ್ತೊಂಬತ್ತು ಮನೆಯವರು ಹಾಗೇ ಕೂರುತ್ತಿದ್ದರು. ಕೆಲಸಕ್ಕೆ ಹೋಗುವಾಗಲೂ ಫೆಲಿಪ ಒಂದು ಉರಿಯನ್ನು ಸಣ್ಣಗೆ ಬಿಟ್ಟೇ ಹೋಗುತ್ತಿದ್ದಳು. ಬೆಳಿಗ್ಗೆ ಏಳುವಾಗ ತಲೆ ಬಂಡೆಯಾಗಿರುತ್ತಿತ್ತು, ಬಾಯಿ ಕಹಿ. ಹೋದ ಚಳಿಗಾಲ ಎರಡು ಬೀದಿಯಾಚೆ ತಾಯಿ ಮಗಳು ಹೀಗೇ ಒಲೆ ಹಚ್ಚಿ ಮಲಗಿದವರು ಏಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಹಚ್ಚುತ್ತಿದ್ದರು. ಚಳಿ ಇವತ್ತೇ ಕೊಲ್ಲುತ್ತದೆ, ಒಲೆಯ ವಿಷಗಾಳಿಯನ್ನು ನಾಳೆ ನೋಡಿಕೊಳ್ಳೋಣ ಅಂತ.

ಒಲೆ ಹಚ್ಚದ ಮನೆ ಒಂದೇ. ಐದನೇ ಅಂತಸ್ತಿನ ಸಿರಿಲೊ ದೊಡ್ಡಪ್ಪನದು. ಎಪ್ಪತ್ತೊಂಬತ್ತು ವರ್ಷದ ಮುದುಕ. ಮೂವತ್ತು ವರ್ಷ ಹಡಗಿನ ತಳದಲ್ಲಿ ಬಣ್ಣ ಕೆರೆದು ಪುಪ್ಪುಸ ತೂತಾಗಿತ್ತು. ಮೂಗಿಗೆ ಆಕ್ಸಿಜನ್ ನಳಿಕೆ, ಮಂಚದ ಪಕ್ಕದಲ್ಲಿ ಗೊರಗೊರ ಅನ್ನುವ ಯಂತ್ರ. ಆಕ್ಸಿಜನ್ ಇರುವ ಕಡೆ ಬೆಂಕಿ ಕಡ್ಡಿಯೂ ಗೀರುವಂತಿಲ್ಲ. ಕರೆಂಟ್ ಹೀಟರ್ ಹಾಕಿದರೆ ಫ್ಯೂಸ್ ಹೋಗಿ ಯಂತ್ರವೇ ನಿಲ್ಲುತ್ತಿತ್ತು. ಇದ್ದಬದ್ದ ಕೋಟುಗಳನ್ನೆಲ್ಲ ಹೊದ್ದು ಮುದುಕ ಮಲಗಿರುತ್ತಿದ್ದ.

ಫೆಲಿಪ ಇಪ್ಪತ್ತೆರಡನೇ ವಯಸ್ಸಿಗೆ ಒಂದು ಚೀಲ ಹಿಡಿದು ಈ ಊರಿಗೆ ಬಂದಾಗ ಅವಳನ್ನು ಮನೆಯಲ್ಲಿಟ್ಟುಕೊಂಡು ಅನ್ನ ಹಾಕಿದವನು ಅವನೇ. ರಕ್ತಸಂಬಂಧವಲ್ಲ, ಒಂದೇ ಊರಿನವರು, ಅಷ್ಟೇ. ಅಷ್ಟು ಸಾಕಿತ್ತು. ನಲವತ್ತೊಂದು ವರ್ಷದಿಂದ ಅದೇ ಮನೆಯಲ್ಲಿದ್ದ ಮುದುಕ. ಹಳೆಯ ಬಾಡಿಗೆದಾರನಾದ್ದರಿಂದ ಕಾನೂನಿನ ಪ್ರಕಾರ ಬಾಡಿಗೆ ಏರಿಸುವಂತಿರಲಿಲ್ಲ. ಅವನು ಬಿಟ್ಟರೆ ಅದೇ ಗೋಡೆಗೆ ಸುಣ್ಣ ಬಳಿದು ಮೂರು ಪಟ್ಟು ಬಾಡಿಗೆಗೆ ಕೊಡಬಹುದಿತ್ತು. ಮನೆ ಬಿಡು ಅಂತ ಮನೆಯೊಡೆಯನ ಕಡೆಯವರು ಎರಡು ಸಲ ಕೇಳಿದ್ದರು. ಎರಡು ಸಲವೂ ಮುದುಕ ಬಾಗಿಲು ಹಾಕಿದ್ದ.

ಮನೆಯೊಡೆಯನನ್ನು ಕಂಡವರಿಲ್ಲ. ಕಾಗದದಲ್ಲಿ ಮೂರಕ್ಷರದ ಒಂದು ಕಂಪನಿ. ಅದಕ್ಕೆ ಮೈಯಿಲ್ಲ, ಹಾಗಾಗಿ ಚಳಿಯೂ ಆಗುವುದಿಲ್ಲ. ಅದರ ಪರವಾಗಿ ಬರುತ್ತಿದ್ದವನು ಕೆಂಡ್ರಿಕ್ ಅನ್ನುವ ಮ್ಯಾನೇಜರು, ಸದಾ ನಗುಮುಖದ ಮನುಷ್ಯ. ಅವನ ಕೈಕೆಳಗೆ ನೆಲಮಾಳಿಗೆಯಲ್ಲಿ ವಾಸವಿದ್ದ ಮೇಸ್ತ್ರಿ ರಮೀರೊ. ಬಾಯ್ಲರ್ ನೋಡಿಕೊಳ್ಳುವವನು ಅವನೇ. ಕೇಳಿದಾಗಲೆಲ್ಲ ಅವನದು ಒಂದೇ ರಾಗ. ಬಾಯ್ಲರ್ ಸರಿಯಾಗಿದೆ, ಕಟ್ಟಡ ಬೆಚ್ಚಗಿದೆ ಅಂತ ಕಂಪ್ಯೂಟರ್ ತೋರಿಸುತ್ತಿದೆ, ತಾನೇನು ಮಾಡಲಿ ಅಂತ. ಅವನೂ ಎರಡು ಸ್ವೆಟರ್ ಹಾಕಿಕೊಂಡೇ ಹಾಗೆ ಹೇಳುತ್ತಿದ್ದ.

ಫೆಲಿಪ ನಗರದ ದೂರಿನ ನಂಬರಿಗೆ ಹನ್ನೊಂದು ಸಲ ಫೋನ್ ಮಾಡಿದಳು. ಎರಡು ಸಲ ಇನ್‌ಸ್ಪೆಕ್ಟರ್ ಬಂದು ಹೋದ. ಎರಡು ಸಲವೂ ಅವಳು ನದಿಯಾಚೆ ಮುದುಕಿಯ ಬೆನ್ನು ಉಜ್ಜುತ್ತಿದ್ದಳು. ಬಾಗಿಲಿಗೆ ಚೀಟಿ ಅಂಟಿಸಿ ಹೋಗಿದ್ದ, ಮನೆಯಲ್ಲಿ ಯಾರೂ ಇರಲಿಲ್ಲ ಅಂತ. ದುಡಿಯುವವರು ಹಗಲು ಮನೆಯಲ್ಲಿರುವುದಿಲ್ಲ ಅನ್ನುವುದು ಆ ಕಚೇರಿಗೆ ಇನ್ನೂ ತಿಳಿದಿಲ್ಲ. ಮೂರನೇ ಸಲ ಅವಳು ರಜೆ ಹಾಕಿದಳು.

ಅವತ್ತು ಅವಳು ಮಾಡಿದ್ದು ಅವಳ ಜನ ಮಾತ್ರ ಮಾಡಬಹುದಾದ ತಪ್ಪು.

ಅವಳ ಊರಲ್ಲಿ ಜಗಳಕ್ಕೆ ಬಂದವನಿಗೂ ಮೊದಲು ತಟ್ಟೆ ಇಡುತ್ತಾರೆ, ಮಾತು ಆಮೇಲೆ. ಬರುವವನು ಸರ್ಕಾರದವನಾದರೇನು, ಹೊಸ್ತಿಲು ದಾಟಿದರೆ ಅತಿಥಿ. ಹೊಸಬನನ್ನು ಕೊರೆಯುವ ಮನೆಗೆ ಕರೆದು ಬರಿಗೈಯಲ್ಲಿ ಕಳಿಸುವುದೇ? ಅವಳು ಐದಕ್ಕೇ ಎದ್ದಳು. ತೆಂಗಿನಕಾಯಿ ತುರಿದು ಹಾಲು ಹಿಂಡಿದಳು. ಹಿಟ್ಟು ನಾದಿ, ಉಬ್ಬಲು ಬಿಟ್ಟು, ಓವನ್ ಜೋರಾಗಿ ಹಚ್ಚಿ ಮೂರು ಸರದಿ ತೆಂಗಿನ ರೊಟ್ಟಿ ಬೇಯಿಸಿದಳು. ನೆಲ ಒರೆಸಿದಳು. ಕಾಫಿ ಇಟ್ಟಳು. ಹತ್ತು ಗಂಟೆಗೆ ಅವನು ಬಂದಾಗ ಮನೆ ಘಮಘಮ ಅನ್ನುತ್ತಿತ್ತು.

ದಣಿದ ಮುಖದ ಗಂಡಸು, ಸ್ಪ್ಯಾನಿಷ್ ಬಲ್ಲವನು. ಕೋಣೆಯ ನಡುವೆ ನಿಂತು ಅಳತೆಯ ಯಂತ್ರ ಹಿಡಿದ. ಕಾದ. ಬರೆದುಕೊಂಡ.

"ಎಪ್ಪತ್ತೆರಡು. ಅರವತ್ತೆಂಟಿದ್ರೆ ಸಾಕಮ್ಮ. ತಪ್ಪೇನೂ ಕಾಣಲ್ಲ."

ಫೆಲಿಪಳಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದದ್ದೇ ಅವನನ್ನು ಕಿಟಕಿಯ ಬಳಿಗೆ ಕರೆದಳು. ಅದು ಒಲೆಯ ಶಾಖ, ಕೊಳವೆ ಮುಟ್ಟಿ ನೋಡಿ ಅಂದಳು. ಅವನು ಮುಟ್ಟಿ ನೋಡಿದ. ಬೆರಳು ಹಿಂದಕ್ಕೆಳೆದುಕೊಂಡ.

"ಕೊಳವೆ ಬರೆಯೋ ಹಾಗಿಲ್ಲಮ್ಮ. ಕೋಣೆ ಎಷ್ಟಿದೆ ಅಂತ ಬರೀಬೇಕು. ಕೋಣೆ ಬೆಚ್ಚಗಿದೆ."

ಒಲೆ ಆರಿಸುತ್ತೇನೆ, ಒಂದು ಗಂಟೆ ಕೂತಿರಿ ಅಂತ ಅವಳು ಬೇಡಿದಳು. ಬೇರೆ ಕಟ್ಟಡಗಳಲ್ಲಿ ಇನ್ನೂ ಹದಿನಾಲ್ಕು ಮನೆ ನೋಡುವುದಿದೆ ಅಂದ. ರೊಟ್ಟಿಯ ತಟ್ಟೆಯನ್ನು ನೋಡಿದ. ಏನೂ ತೆಗೆದುಕೊಳ್ಳಬಾರದು ಅಂತ ನಿಯಮ. ಹೊರಡುವವನು ಅಡುಗೆಮನೆಯ ಗೋಡೆಯ ಕಡೆ ನೋಡಿ ನಿಂತ. ಅಲ್ಲಿ ಒಲೆಯ ಎದುರಿಗೆ ಅಂಗೈಯಗಲದ ಒಂದು ಬಿಳಿ ಡಬ್ಬಿ ಇತ್ತು.

"ಇದನ್ನ ಇಲ್ಲಿ ಯಾರು ಹಾಕಿದ್ದು?"

"ಮ್ಯಾನೇಜರು. ಎರಡು ವರ್ಷ ಆಯ್ತು."

"ಒಲೆ ಎದುರಿಗೇನಾ?"

ಅವನು ದನಿ ತಗ್ಗಿಸಿ ಹೇಳಿದ. ಬಾಯ್ಲರಿಗೆ ಕಣ್ಣಿಲ್ಲ. ಕಟ್ಟಡ ಬೆಚ್ಚಗಿದೆಯೋ ತಣ್ಣಗಿದೆಯೋ ಅಂತ ಈ ಡಬ್ಬಿ ಅದಕ್ಕೆ ಹೇಳುತ್ತದೆ. ಇಂಥವು ಹಲವು ಮನೆಯಲ್ಲಿ, ಒಲೆಯಿಂದ ದೂರ ಇರಬೇಕು. ಇಲ್ಲಿ ಬೆಚ್ಚಗಿದ್ದರೆ ಎಲ್ಲ ಕಡೆಯೂ ಬೆಚ್ಚಗಿದೆ ಅಂತ ತಿಳಿದು ಬಾಯ್ಲರ್ ಉರಿಯುವುದೇ ಇಲ್ಲ. ಅದನ್ನು ಬರೆಯುವುದು ತನ್ನ ಕೆಲಸವಲ್ಲ ಅಂತಲೂ ಹೇಳಿ ಮೆಟ್ಟಿಲಿಳಿದು ಹೋದ.

ಫೆಲಿಪ ಡಬ್ಬಿಯ ಮುಂದೆ ನಿಂತಳು. ಕಟ್ಟಡದಲ್ಲಿ ಬೇರೆ ಯಾರ ಮನೆಯಲ್ಲೂ ಅಂಥದಿರಲಿಲ್ಲ. ನಿಮ್ಮ ಮನೆ ಅಚ್ಚುಕಟ್ಟು, ಅದಕ್ಕೇ ಇಲ್ಲಿ ಹಾಕುತ್ತಿದ್ದೇವೆ ಅಂದಿದ್ದ ಕೆಂಡ್ರಿಕ್. ಅವಳು ಹಿಗ್ಗಿದ್ದಳು. ಪ್ರತಿ ಶನಿವಾರ ಅದರ ಧೂಳು ಒರೆಸಿದ್ದಳು. ಮೊದಲ ದಿನ ಯಾಕೋ ಶಾಖ ನಿಂತಾಗ ಅವಳು ಒಲೆ ಹಚ್ಚಿದ್ದಳು, ಅಲ್ಲಿಂದ ಶಾಖ ಬಂದೇ ಇರಲಿಲ್ಲ. ಇಪ್ಪತ್ಮೂರು ದಿನ ಅವಳು ಮೈ ಕಾಯಿಸಿಕೊಂಡಷ್ಟೂ ಡಬ್ಬಿ ಬಾಯ್ಲರಿಗೆ ಸುಳ್ಳು ಹೇಳಿತ್ತು. ಅವಳ ಒಲೆಯಿಂದಲೇ ಇಡೀ ಕಟ್ಟಡ ಕೊರೆದಿತ್ತು. ಹುಡುಕಿ ಹುಡುಕಿ ಅವಳ ಕೈಯಿಂದಲೇ ಮಾಡಿಸಿದ್ದರು. ತನ್ನ ಮೇಲೇ ಅವಳಿಗೆ ಅಸಹ್ಯವಾಯಿತು.

ಅವಳು ಒಲೆ ಆರಿಸಿದಳು. ರೊಟ್ಟಿ ಕಟ್ಟಿಕೊಂಡು ಐದನೇ ಅಂತಸ್ತಿಗೆ ಹತ್ತಿದಳು.

ಸಿರಿಲೊ ದೊಡ್ಡಪ್ಪನ ಉಗುರು ಬೂದಿಯ ಬಣ್ಣಕ್ಕೆ ತಿರುಗಿತ್ತು. ಉಸಿರಾಡಿದರೆ ಬಾಯಿಂದ ಹಬೆ. ಅವಳು ಮಂಚದ ಅಂಚಿಗೆ ಕೂತು ಎಲ್ಲ ಹೇಳಿದಳು. ಡಬ್ಬಿ, ಒಲೆ, ಎಪ್ಪತ್ತೆರಡು. ಮುದುಕ ರೊಟ್ಟಿ ಮುರಿದು ಬಾಯಿಗೆ ಹಾಕಿ ನಿಧಾನಕ್ಕೆ ಅಗಿದ.

"ಅಂದ್ರೆ ಇಷ್ಟು ದಿನ ನನ್ನ ಕೊಲ್ತಿದ್ದದ್ದು ನೀನು."

"ಹೂಂ ದೊಡ್ಡಪ್ಪ."

"ರೊಟ್ಟಿ ಮಾತ್ರ ಚೆನ್ನಾಗಿ ಮಾಡಿದೀಯ."

ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲಿಲ್ಲ. ಅವಳು ಬೆನ್ನು ಹಿಡಿದು ಕೂರಿಸಿದಳು. ಕೋಟುಗಳ ಒಳಗೆ ಬರೀ ಮೂಳೆ. ತಿಂಗಳ ಮಟ್ಟಿಗೆ ತನ್ನ ಚಿಕ್ಕಮ್ಮನ ಮಗಳ ಮನೆಗೆ ಹೋಗಿರೋಣ ಅಂತ ಕೇಳಿದಳು. ಮುದುಕ ತಲೆಯಾಡಿಸಿದ. ಅವರಿಗೆ ಬೇಕಾಗಿರುವುದೇ ಖಾಲಿ ಮನೆ, ತಾನಾಗಿ ಕೊಡುವುದಿಲ್ಲ ಅಂದ. ಸಿಟ್ಟಿಲ್ಲದೆ ಅಂದ.

ಆ ಸಂಜೆ ಫೆಲಿಪಳ ಅಡುಗೆಮನೆ ತಣ್ಣಗಾಯಿತು. ಡಬ್ಬಿಗೆ ಚಳಿಯಾಯಿತು. ನೆಲಮಾಳಿಗೆಯಲ್ಲಿ ಏನೋ ಗುಡುಗಿತು. ಕೊಳವೆಗಳು ಕಟಕಟ ಹೊಡೆದುಕೊಂಡವು. ಇಪ್ಪತ್ತು ಮನೆಯಲ್ಲೂ ಜನ ಎದ್ದು ಕೊಳವೆಗಳ ಮೇಲೆ ಕೈ ಇಟ್ಟರು.

ಅದು ಒಂದೇ ಸಂಜೆ. ಮಾರನೆಯ ಬೆಳಿಗ್ಗೆ ಕೆಂಡ್ರಿಕ್ ಬಂದ. ಕೈಯಲ್ಲಿ ಹೊಸ ಕರೆಂಟ್ ಹೀಟರ್. ಹಿಂದೆ ರಮೀರೊ ತಲೆ ತಗ್ಗಿಸಿ ನಿಂತಿದ್ದ.

"ನಿಮಗೆ ಚಳಿ ಅಂತ ಕೇಳಿದೆ. ಇದು ನಿಮಗೊಬ್ಬರಿಗೆ. ಕರೆಂಟ್ ಖರ್ಚು ನಮ್ಮದು," ಅಂದ ಕೆಂಡ್ರಿಕ್. ಅಡುಗೆಮನೆಯ ಗೋಡೆ ತೋರಿಸಿದ. "ಅಲ್ಲಿ ಇಡಿ. ಆ ಡಬ್ಬಿಯ ಕೆಳಗೆ."

ಫೆಲಿಪ ಬಾಗಿಲಿಗೆ ಅಡ್ಡ ನಿಂತಿದ್ದಳು. ಹೆದರಿಕೆಯಾಗಿತ್ತು. ಆದರೂ ಸರಿಯಲಿಲ್ಲ.

"ಬೇಡ. ತಗೊಂಡ್ ಹೋಗಿ."

ಅವನ ನಗು ಮಾಸಲಿಲ್ಲ. ವಸಂತಕ್ಕೆ ನಿಮ್ಮ ಬಾಡಿಗೆ ಕರಾರು ಮುಗಿಯುತ್ತಲ್ಲ ಅಂತ ನೆನಪು ಮಾಡಿದ. ಮೇಲಿನ ಮುದುಕನ ಬಗ್ಗೆ ಕಂಪನಿಗೂ ಚಿಂತೆಯಿದೆ ಅಂದ. ಅಂಥವರಿಗೆ ವೃದ್ಧಾಶ್ರಮವೇ ಒಳ್ಳೆಯದು, ನೀವೇ ಒಂದು ಮಾತು ಹೇಳಿ ಅಂದ. "ಇಲ್ಲಿ ಇಟ್ಟುಕೊಂಡು ಏನಾದರೂ ಆದರೆ ಪಾಪ ಯಾರಿಗೆ ಸುತ್ತಿಕೊಳ್ಳುತ್ತೆ, ಯೋಚನೆ ಮಾಡಿ."

ಮಧ್ಯಾಹ್ನ ಮುಂಬಾಗಿಲಿಗೆ ಕಾಗದ ಅಂಟಿತು. ಬಾಯ್ಲರ್ ರಿಪೇರಿ. ಯಾವತ್ತಿಗೆ ಮುಗಿಯುತ್ತದೆ ಅಂತ ಬರೆದಿರಲಿಲ್ಲ. ಇಲ್ಲಿವರೆಗೆ ಕಳ್ಳತನದಲ್ಲಿ ಮಾಡಿದ್ದನ್ನು ಈಗ ಹಾಡುಹಗಲೇ ಮಾಡಿದರು. ನೆಲಮಾಳಿಗೆ ಸದ್ದಿಲ್ಲದಾಯಿತು.

ಫೆಲಿಪ ಮನೆಮನೆಗೆ ಹೋದಳು. ಭಾನುವಾರ ಚರ್ಚಿನಿಂದ ಬಂದವರೆಲ್ಲ ಮೆಟ್ಟಿಲ ಮೇಲೆ ಕೂತರು. ಇಪ್ಪತ್ತು ಮನೆಯವರೂ ದೂರು ಕೊಡಬೇಕು ಅಂದಳು. ಇನ್‌ಸ್ಪೆಕ್ಟರ್ ಬರುವ ತನಕ ಯಾರೂ ಒಲೆ ಹಚ್ಚಬಾರದು, ಅವನು ಯಾವ ಬಾಗಿಲು ತಟ್ಟಿದರೂ ಒಳಗೆ ಚಳಿಯೇ ಇರಬೇಕು ಅಂದಳು. ತನ್ನ ರೊಟ್ಟಿಯ ಕಥೆಯನ್ನೂ ಮುಚ್ಚಿಡಲಿಲ್ಲ. ಕೆಲವರು ನಕ್ಕರು. ಮೂರನೇ ಅಂತಸ್ತಿನ ದಿಲ್ಸಿಯ ನಗಲಿಲ್ಲ. ಅವಳ ಎದೆಯ ಮೇಲೆ ಎರಡು ತಿಂಗಳ ಹೆಣ್ಣುಕೂಸು.

"ಫೆಲಿಪಕ್ಕ, ಸರ್ಕಾರಕ್ಕೆ ತೋರ್ಸೋಕೆ ನನ್ನ ಕೂಸು ಹೆಪ್ಪುಗಟ್ಟಬೇಕಾ? ನೀವು ಬೇಕಾದ್ರೆ ಸಾಯಿರಿ. ನಾನು ಒಲೆ ಆರ್ಸಲ್ಲ."

ದಿಲ್ಸಿಯ ಹೇಳಿದ್ದರಲ್ಲಿ ಸುಳ್ಳೇನಿತ್ತು? ಕೊನೆಗೆ ಒಬ್ಬಳು ಕೂಸಿಗೂ ತಾಯಿಗೂ ತನ್ನ ಅಕ್ಕನ ಮನೆಯಲ್ಲಿ ಜಾಗ ಹುಡುಕಿದಳು. ದಿಲ್ಸಿಯ ಬೈಯುತ್ತಲೇ ಒಲೆ ಆರಿಸಿ, ಕೂಸನ್ನು ಕಂಬಳಿಯಲ್ಲಿ ಸುತ್ತಿಕೊಂಡು ಹೋದಳು. ಹೋಗುವಾಗ ಫೆಲಿಪಳ ಮುಖ ನೋಡಲಿಲ್ಲ.

ಎರಡು ದಿನ ಯಾರೂ ಒಲೆ ಹಚ್ಚಲಿಲ್ಲ. ಅನ್ನವಿಲ್ಲ, ಕಾಫಿಯಿಲ್ಲ. ಅಂಗಡಿಯ ಬ್ರೆಡ್ಡು, ಡಬ್ಬದ ಮೀನು. ನಲ್ಲಿಯ ನೀರು ಮುಟ್ಟಿದರೆ ಬೆರಳು ಜೋಮು ಹಿಡಿಯುತ್ತಿತ್ತು. ಕಿಟಕಿಯ ಒಳಮೈಯಲ್ಲಿ ಮಂಜು ಕಟ್ಟಿತು. ಕಟ್ಟಡದಲ್ಲಿ ಕೆಮ್ಮು ಬಿಟ್ಟರೆ ಬೇರೆ ಸದ್ದಿಲ್ಲ. ಫೆಲಿಪ ಕೆಲಸಕ್ಕೆ ಹೋಗಲಿಲ್ಲ. ಫೋನ್ ಬಂತು. ಇನ್ನೊಂದು ದಿನ ತಪ್ಪಿಸಿದರೆ ಬೇರೆಯವಳನ್ನು ಇಟ್ಟುಕೊಳ್ಳುತ್ತೇವೆ ಅಂದರು. ಇಟ್ಟುಕೊಳ್ಳಿ ಅಂದಳು. ಗಂಟೆಗೊಮ್ಮೆ ಐದನೇ ಅಂತಸ್ತಿಗೆ ಹತ್ತಿ ಮುದುಕನ ಕಾಲು ತಿಕ್ಕುತ್ತಿದ್ದಳು. ತಿಕ್ಕಿದಷ್ಟು ಹೊತ್ತು ಬಿಸಿ, ಬಿಟ್ಟರೆ ಮತ್ತೆ ಕಲ್ಲು. ಪ್ರತಿ ಸಲ ಬಾಗಿಲು ತೆಗೆಯುವ ಮೊದಲು ಯಂತ್ರದ ಗೊರಗೊರ ಕೇಳುತ್ತಿದೆಯೇ ಅಂತ ಕಿವಿಗೊಡುತ್ತಿದ್ದಳು. ಕೆಂಡ್ರಿಕ್ ಹೇಳಿದ ಪಾಪದ ಮಾತು ತಲೆಯಿಂದ ಹೋಗಲೊಲ್ಲದು.

ಮಂಗಳವಾರ ಹತ್ತೂವರೆಗೆ ಅದೇ ಇನ್‌ಸ್ಪೆಕ್ಟರ್ ಬಂದ. ಫೆಲಿಪ ಅವನಿಗೆ ಕುರ್ಚಿ ಕೊಡಲಿಲ್ಲ, ನೀರು ಕೊಡಲಿಲ್ಲ. ನೇರವಾಗಿ ಐದನೇ ಅಂತಸ್ತಿಗೆ ಹತ್ತಿಸಿದಳು. ಅವನು ಕೋಣೆಯ ನಡುವೆ ನಿಂತು ಯಂತ್ರ ಹಿಡಿದ.

"ಎಷ್ಟು?" ಮಂಚದಿಂದ ಸಿರಿಲೊ ಕೇಳಿದ.

"ನಲವತ್ತೇಳು."

"ಹಾಗಾದ್ರೆ ನನಗಿಂತ ಚಿಕ್ಕೋನು."

ಇನ್‌ಸ್ಪೆಕ್ಟರ್ ನಗಲಿಲ್ಲ. ಮುದುಕನ ತುಟಿ ನೋಡುತ್ತಿದ್ದ. ತುಟಿ ನೀಲಿಯಾಗಿತ್ತು. ಬರೆಯುವುದು ಬಿಟ್ಟು ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿದ. ಆಮೇಲೆ ಉಳಿದ ಮನೆಗಳಿಗೆ ಇಳಿದ. ನಲವತ್ತೊಂಬತ್ತು, ಐವತ್ತೊಂದು, ಐವತ್ತು. ಬಾಗಿಲು ತೆಗೆದ ಪ್ರತಿ ಮನೆಯಲ್ಲೂ ಬರೆದ. ಇವತ್ತೇ ನೋಟಿಸ್, ಇಪ್ಪತ್ನಾಲ್ಕು ಗಂಟೆಯೊಳಗೆ ಶಾಖ ಕೊಡಲೇಬೇಕು, ಇಲ್ಲದಿದ್ದರೆ ನ್ಯಾಯಾಲಯ ಅಂದ.

ಮುದುಕ ಹೋಗಲೊಲ್ಲೆ ಅಂತ ಮಂಚದ ಕಂಬಿ ಹಿಡಿದುಕೊಂಡ. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವಳು ಫೆಲಿಪ. ಜೀವಮಾನವೆಲ್ಲ ಮುದುಕರ ಕೈ ಬಿಡಿಸಿ ಅಭ್ಯಾಸವಿದ್ದ ಅವಳಿಗೂ ಆ ಕೈ ಬಿಡಿಸುವಾಗ ಅಳು ಬಂತು.

"ನಾನು ಇಲ್ಲೇ ಇರ್ತೀನಿ ದೊಡ್ಡಪ್ಪ. ನೀನು ಬರೋ ತನಕ ಇಲ್ಲೇ ಇರ್ತೀನಿ."

ಮುದುಕ ಅಂಗಿಯ ಜೇಬಿನಿಂದ ಬೀಗದ ಕೈ ತೆಗೆದುಕೊಟ್ಟ. ಇಬ್ಬರು ಅವನನ್ನು ಕುರ್ಚಿಯಲ್ಲಿ ಕೂರಿಸಿ ಐದು ಅಂತಸ್ತು ಇಳಿಸಿದರು. ಪ್ರತಿ ಅಂತಸ್ತಿನಲ್ಲೂ ಜನ ಬಾಗಿಲಲ್ಲಿ ನಿಂತು ನೋಡಿದರು.

ಬುಧವಾರ ಮಧ್ಯಾಹ್ನ ಶಾಖ ಬಂತು. ರಿಪೇರಿ ಮುಗಿಯಿತಂತೆ. ರಿಪೇರಿಗೆ ಬಂದವರನ್ನು ಕಂಡವರು ಯಾರೂ ಇಲ್ಲ. ಆವಿ ಐದನೇ ಅಂತಸ್ತಿನ ತನಕ ಹತ್ತಿತು. ಸಿರಿಲೊನ ಖಾಲಿ ಮಂಚದ ಪಕ್ಕದ ಕೊಳವೆ ಕೈ ಇಡಲಾಗದಷ್ಟು ಸುಟ್ಟಿತು. ಫೆಲಿಪ ಆ ಕೋಣೆಯಲ್ಲಿ ಒಬ್ಬಳೇ ಕೂತು ಬೆವರಿದಳು. ಹಾಳು ಶಾಖ. ಇಷ್ಟು ದಿನವೂ ಇದು ಕೆಳಗೇ ಇತ್ತು. ಕೊಡಬಾರದು ಅಂತ ಕೊಟ್ಟಿರಲಿಲ್ಲ, ಅಷ್ಟೇ.

ಆಸ್ಪತ್ರೆಯವರು ಮುದುಕ ಉಸಿರಾಡುತ್ತಿದ್ದಾನೆ ಅಂದರು. ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಶುಕ್ರವಾರ ಬೆಳಿಗ್ಗೆ ರಮೀರೊ ಹತ್ತಿ ಬಂದ. ಕೈಯಲ್ಲಿ ತೂತು ಕೊರೆಯುವ ಯಂತ್ರ, ಹೊಸ ಬೀಗ, ಒಂದು ಕಾಗದ. ಒಳಗೆ ಫೆಲಿಪಳನ್ನು ಕಂಡು ಬಾಗಿಲಲ್ಲೇ ನಿಂತ. ಮನೆ ಖಾಲಿಯಾಗಿದೆ, ಬೀಗ ಬದಲಾಯಿಸು ಅಂತ ಅವನಿಗೆ ಹೇಳಿದ್ದರು. ಮುದುಕನ ಸಾಮಾನು ಇವತ್ತೇ ಕೆಳಗಿಳಿಸಬೇಕಂತೆ. ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಫೆಲಿಪ ಕಂಡಿದ್ದಳು. ಇವರು ಮನೆ ಚಳಿಯಲ್ಲಿ ಕೊರೆಯುವ ಹಾಗೆ ಮಾಡಿ ಹಿರಿಯಲು ಬಂದಿದ್ದರು.

"ಖಾಲಿ ಅಂತ ಯಾರಂದ್ರು? ಮನೆಯವರು ಆಸ್ಪತ್ರೇಲಿದಾರೆ."

"ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಫೆಲಿಪಕ್ಕ. ಬೀಗ ಹಾಕ್ದೆ ಇಳಿದ್ರೆ ಇವತ್ತು ಸಾಯಂಕಾಲ ನನ್ನ ಹೆಂಡತಿ ಮಕ್ಕಳೂ ಬೀದೀಲಿರ್ತಾರೆ."

"ಗೊತ್ತಪ್ಪ. ಅದಕ್ಕೇ ನಿನ್ನ ಕಳಿಸಿದಾರೆ, ಅವ್ರು ಬಂದಿಲ್ಲ."

ರಮೀರೊ ಯಂತ್ರವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ. ಫೆಲಿಪ ಕಾಲಿನ ಬೂಟು ಬಿಚ್ಚಿ ಮಂಚದ ಕೆಳಗೆ ಇಟ್ಟಳು. ಮುದುಕನ ಕುರ್ಚಿಯನ್ನು ಕೊಳವೆಯ ಪಕ್ಕಕ್ಕೆ ಎಳೆದು ಕೂತಳು.

"ಹಾಕ್ಕೋ ಬೀಗ. ನನ್ನ ಒಳಗಿಟ್ಟೇ ಹಾಕು. ಆಮೇಲೆ ಪೊಲೀಸಿಗೂ ನೀನೇ ಹೇಳು, ಯಾರನ್ನ ಕೂಡಿ ಹಾಕಿದೀಯ ಅಂತ."

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ದಿಲ್ಸಿಯ. ಹಿಂದಿನ ದಿನವಷ್ಟೇ ಮರಳಿ ಬಂದಿದ್ದಳು. ಕೂಸು ತೋಳಿನಲ್ಲಿ ನಿದ್ದೆ ಹೋಗಿತ್ತು. ರಮೀರೊನನ್ನು ಬದಿಗೆ ಸರಿಸಿ ಒಳಗೆ ಬಂದಳು. ಮಂಚದ ಮೇಲೆ ಕೂಸನ್ನು ಮಲಗಿಸಿ ಅದರ ಪಕ್ಕದಲ್ಲಿ ಕೂತಳು. ಅವಳ ಹಿಂದೆ ನಾಲ್ಕನೇ ಅಂತಸ್ತಿನ ಅಣ್ಣತಮ್ಮಂದಿರು ಬಂದು ಹೊಸ್ತಿಲ ಹೊರಗೆ ಮೆಟ್ಟಿಲ ಮೇಲೆ ಕೂತರು.

ರಮೀರೊ ಮೆಟ್ಟಿಲ ಬಳಿಯ ಕಿಟಕಿಯಿಂದ ಕೆಳಗೆ ನೋಡಿದ. ಕೆಂಡ್ರಿಕ್‌ನ ಕಾರು ಬಂದು ನಿಂತಿತ್ತು. ಅವನ ಜೊತೆ ಇನ್ನೂ ಮೂವರು ಇಳಿಯುತ್ತಿದ್ದರು, ಆ ಬೀದಿಯಲ್ಲಿ ಯಾರೂ ಹಿಂದೆ ಕಂಡಿರದ ದಪ್ಪ ಕೋಟಿನ ಗಂಡಸರು. ಒಬ್ಬನ ಕೈಯಲ್ಲಿ ಕಬ್ಬಿಣದ ಹಾರೆ ಇತ್ತು.

"ಬಂದ್ರು ಫೆಲಿಪಕ್ಕ. ಏಳಿ," ಅಂದ ರಮೀರೊ. ಅವನ ದನಿ ಸಣ್ಣಗಾಗಿತ್ತು.

ಕೆಳಗೆ ಮುಂಬಾಗಿಲು ಬಡಿಯಿತು. ಫೆಲಿಪ ಏಳಲಿಲ್ಲ.

"ನೀನು ಒಳಗೆ ಬರೋದಾದ್ರೆ ಬಾ, ಹೋಗೋದಾದ್ರೆ ಹೋಗು," ಅಂದಳು. "ಬಾಗಿಲು ಹಾಕು. ಶಾಖ ಹೊರಗೆ ಹೋಗ್ತಿದೆ."